ಇಳಿಯದೆ ಹೋದ ವಿಮಾನಗಳು, ಇಳಿಯಬಾರದಿದ್ದ ವಿಮಾನಗಳು

2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಕರಾವಳಿಯತ್ತ ಬರುತ್ತಿದ್ದಾಗ ಚೆನ್ನೈ ವಿಮಾನ ನಿಲ್ದಾಣದ ಒಂದು ವಿಡಿಯೊ ದೇಶವೆಲ್ಲ ಓಡಾಡಿತು. ಮುಂಬೈನಿಂದ ಬಂದ ಇಂಡಿಗೊ ವಿಮಾನ ಮಳೆಯ ನಡುವೆ ರನ್‌ವೇಗೆ ಇಳಿಯುತ್ತಿದೆ. ಅಡ್ಡಗಾಳಿಗೆ ರೆಕ್ಕೆಗಳು ಅತ್ತಿತ್ತ ವಾಲುತ್ತಿವೆ. ಗಾಲಿ ನೆಲ ಮುಟ್ಟಿತೋ ಇಲ್ಲವೋ ಎನ್ನುವಷ್ಟರಲ್ಲಿ ಮೂತಿ ಮೇಲೆತ್ತಿ, ಎಂಜಿನ್ ಅಬ್ಬರಿಸಿ, ವಿಮಾನ ಬಂದ ಮೋಡದೊಳಕ್ಕೇ ಮರಳುತ್ತದೆ. ‘ಕೂದಲೆಳೆ ಅಂತರದಲ್ಲಿ ಪಾರು’, ‘ತಪ್ಪಿದ ಭಾರೀ ದುರಂತ’ ಎಂದು ಟಿವಿ ಪಟ್ಟಿಗಳು ಓಡಿದವು. ಇಂಡಿಗೊ ಮಾತ್ರ, ಪೈಲಟ್‌ಗಳು ನಿಗದಿತ ವಿಧಾನದಂತೆ ಗೋ-ಅರೌಂಡ್ ಮಾಡಿದ್ದಾರೆ, ಅದಕ್ಕೆ ಅವರಿಗೆ ಸಾಕಷ್ಟು ತರಬೇತಿ ಇದೆ ಎಂಬರ್ಥದ ಒಂದು ಸಪ್ಪೆ ಹೇಳಿಕೆ ಕೊಟ್ಟು ಸುಮ್ಮನಾಯಿತು. ಎರಡರಲ್ಲಿ ನಿಜಕ್ಕೆ ಹತ್ತಿರವಿದ್ದದ್ದು ಆ ಸಪ್ಪೆ ಹೇಳಿಕೆಯೇ.

ಗೋ-ಅರೌಂಡ್, ಅಂದರೆ ಇಳಿಯುವುದನ್ನು ಕೊನೆಯ ಹಂತದಲ್ಲಿ ಕೈಬಿಟ್ಟು ಮತ್ತೆ ಮೇಲೇರುವುದು, ಎಷ್ಟು ಅಪರೂಪ? ವಿಮಾನಯಾನ ಸುರಕ್ಷತೆಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಅಂದಾಜು ಇದು: ಸಾವಿರ ಸಲ ಇಳಿಯಲು ಬಂದರೆ ಒಂದರಿಂದ ಮೂರು ಸಲ. ಕೇಳಲು ಚಿಕ್ಕ ಸಂಖ್ಯೆ. ಆದರೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹಾಕಿ ನೋಡಿ. ಅಲ್ಲಿ ದಿನಕ್ಕೆ 700ಕ್ಕೂ ಹೆಚ್ಚು ವಿಮಾನಗಳ ಏರಿಳಿತ, ಅದರಲ್ಲಿ ಅರ್ಧ ಇಳಿಯುವಂಥವು. ಸರಾಸರಿಯ ಲೆಕ್ಕ ಹಿಡಿದರೆ ದೇವನಹಳ್ಳಿಯ ಆಕಾಶದಲ್ಲಿ ದಿನಕ್ಕೊಂದೋ ಮೂರು ದಿನಕ್ಕೊಂದೋ ವಿಮಾನ ಇಳಿಯದೆ ಮೇಲೇರಬೇಕು. ಅಷ್ಟಕ್ಕೂ ‘ಭಾರೀ ದುರಂತ ತಪ್ಪಿತು’ ಎಂದು ಬರೆಯುತ್ತ ಕೂತರೆ ಪತ್ರಿಕೆಗಳಿಗೆ ಅದೊಂದು ಕಾಯಂ ಅಂಕಣವೇ ಬೇಕಾದೀತು.

ಪೈಲಟ್‌ನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ದೇಶದೊಳಗೆ ದಿನಕ್ಕೆ ಮೂರು ನಾಲ್ಕು ಸಲ ಹಾರಿ ಇಳಿಯುವವರಿಗೆ ಇದು ವರ್ಷಕ್ಕೆ ಒಂದೋ ಎರಡೋ ಸಲ ಒದಗೀತು. ಬೆಂಗಳೂರಿನಿಂದ ಲಂಡನ್ನಿಗೆ ಹಾರುವಂಥ ದೂರಪ್ರಯಾಣದ ಪೈಲಟ್‌ಗಳು ಇಳಿಯುವುದೇ ಕಡಿಮೆ. ಇದ್ದ ಇಳಿತಗಳನ್ನೂ ಇಬ್ಬರು ಮೂವರು ಹಂಚಿಕೊಳ್ಳಬೇಕು. ಅವರ ಪಾಲಿಗೆ ಗೋ-ಅರೌಂಡ್ ಕೆಲವು ವರ್ಷಕ್ಕೊಮ್ಮೆ ಬರುವ ಅತಿಥಿ. ನಿಲ್ದಾಣಕ್ಕೆ ದಿನನಿತ್ಯದ್ದಾದ ಸಂಗತಿ ಕಾಕ್‌ಪಿಟ್‌ನಲ್ಲಿ ಕೂತವರಿಗೆ ಅಪರೂಪದ್ದು ಎನ್ನುವುದು ಮುಂದೆ ಮುಖ್ಯವಾಗುತ್ತದೆ.

ಕಾರಣಗಳು ಹಲವು, ಹೆಚ್ಚಿನವು ನೀರಸ. ಮುಂದೆ ಇಳಿದ ವಿಮಾನ ರನ್‌ವೇಯಿಂದ ಹೊರಬೀಳಲು ತಡಮಾಡಿತು. ಗಾಳಿ ಹಠಾತ್ತನೆ ದಿಕ್ಕು ಬದಲಿಸಿತು. ಹಕ್ಕಿಗಳ ಹಿಂಡು ಬಂತು. ಮಂಜು ಕವಿದು, ನಿಗದಿತ ಎತ್ತರಕ್ಕೆ ಇಳಿದರೂ ರನ್‌ವೇಯ ದೀಪ ಕಾಣಲಿಲ್ಲ. ಸಾಮಾನ್ಯ ಉಪಕರಣ ವ್ಯವಸ್ಥೆಯಲ್ಲಿ ಆ ಎತ್ತರ ಸುಮಾರು 200 ಅಡಿ. ಅಲ್ಲಿ ದೀಪ ಕಾಣದಿದ್ದರೆ ಚರ್ಚೆಯಿಲ್ಲ, ಮೇಲೇರಬೇಕು. ಬೆಂಗಳೂರಿನ ಚಳಿಗಾಲದ ಬೆಳಗುಗಳಲ್ಲಿ ಇದರ ಕಾಟ ಎಷ್ಟಿತ್ತೆಂಬುದು ಚೆನ್ನೈಗೋ ಹೈದರಾಬಾದಿಗೋ ಹೋಗಿ ಕೂತು ಬಂದ ಪ್ರಯಾಣಿಕರಿಗೆಲ್ಲ ಗೊತ್ತು; ದಕ್ಷಿಣದ ಹೊಸ ರನ್‌ವೇಗೆ ದಟ್ಟ ಮಂಜಿನಲ್ಲೂ ಇಳಿಯಲು ನೆರವಾಗುವ ಕ್ಯಾಟ್-3ಬಿ ಉಪಕರಣ ಬಂದ ಮೇಲೆ ಅದು ಸಾಕಷ್ಟು ತಗ್ಗಿದೆ. ಇನ್ನು ನಾಯಿಗಳು. 2023ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಗೋವಾಕ್ಕೆ ಹೋದ ವಿಸ್ತಾರಾ ವಿಮಾನ, ದಾಬೋಲಿಂ ರನ್‌ವೇ ಮೇಲೆ ಬೀದಿನಾಯಿ ಕಂಡದ್ದರಿಂದ ಇಳಿಯದೆ ಬೆಂಗಳೂರಿಗೇ ವಾಪಸಾಯಿತು. ಸಂಜೆ ಮತ್ತೆ ಹೊರಟು ಗೋವಾ ಸೇರಿತು. ಪ್ರಯಾಣಿಕರು ಸಿಟ್ಟಾಗಿರಲೂಬಹುದು, ಅಷ್ಟು ವೇಗದಲ್ಲಿ ನಾಯಿಗೆ ಗುದ್ದಿದರೆ ಏನಾಗುತ್ತದೆಂದು ನೋಡುವ ಆಸೆ ಮಾತ್ರ ಯಾರಿಗೂ ಇರಲಿಕ್ಕಿಲ್ಲ.

ಕೆಲವು ಗೋ-ಅರೌಂಡ್‌ಗಳು ನಿಜಕ್ಕೂ ಮೈ ಜುಮ್ಮೆನಿಸುವಂಥವು. 2017ರ ಜುಲೈ 7ರ ನಡುರಾತ್ರಿಯ ಹೊತ್ತಿಗೆ ಟೊರಾಂಟೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಏರ್ ಕೆನಡಾದ ಎ320, ಪಕ್ಕದ ರನ್‌ವೇ ಮುಚ್ಚಿ ಅದರ ದೀಪ ಆರಿಸಿದ್ದರಿಂದ ಗೊಂದಲಗೊಂಡು, ರನ್‌ವೇ ಎಂದುಕೊಂಡು ಟ್ಯಾಕ್ಸಿವೇಗೆ ಇಳಿಯತೊಡಗಿತು. ಅಲ್ಲಿ ನಾಲ್ಕು ವಿಮಾನಗಳು ಪ್ರಯಾಣಿಕರನ್ನು ತುಂಬಿಕೊಂಡು ಹೊರಡಲು ಸಾಲುಗಟ್ಟಿದ್ದವು. ಪೈಲಟ್‌ಗಳಿಗೆ ಕೊನೆಗೂ ಏನೋ ಸರಿಯಿಲ್ಲ ಎನ್ನಿಸಿ ಎಂಜಿನ್ ಏರಿಸಿದರು. ವಿಮಾನ ನೆಲದಿಂದ ಸುಮಾರು 60 ಅಡಿಯವರೆಗೆ ಇಳಿದು ಮೇಲೆದ್ದಿತು. ಐದೂ ವಿಮಾನಗಳಲ್ಲಿ ಒಟ್ಟು ಸಾವಿರಕ್ಕೂ ಹೆಚ್ಚು ಜನರಿದ್ದರು. 2023ರ ಫೆಬ್ರುವರಿ 4ರಂದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ದಟ್ಟ ಮಂಜು. ಒಂದೇ ರನ್‌ವೇಗೆ ಫೆಡೆಕ್ಸ್ ಸರಕು ವಿಮಾನಕ್ಕೆ ಇಳಿಯಲೂ ಸೌತ್‌ವೆಸ್ಟ್ ವಿಮಾನಕ್ಕೆ ಏರಲೂ ಅನುಮತಿ ಸಿಕ್ಕಿತ್ತು. ಮುಂದೆ ವಿಮಾನವಿದೆ ಎಂದು ಗುರುತಿಸಿದ್ದು ನಿಯಂತ್ರಣ ಟವರ್ ಅಲ್ಲ, ಇಳಿಯುತ್ತಿದ್ದ ಫೆಡೆಕ್ಸ್ ಪೈಲಟ್‌ಗಳು. ಅವರು ಮೇಲೇರಿದಾಗ ಎರಡು ವಿಮಾನಗಳ ನಡುವೆ ಉಳಿದದ್ದು 200 ಅಡಿಗೂ ಕಡಿಮೆ ಅಂತರ. ‘ಕೂದಲೆಳೆ’ ಎನ್ನಬೇಕಾದದ್ದು ಇಂಥವಕ್ಕೆ. ಇಲ್ಲೂ ಗಂಡಾಂತರ ತಂದದ್ದು ಗೋ-ಅರೌಂಡ್ ಅಲ್ಲ, ಅದಕ್ಕೂ ಮೊದಲು ಆದ ಎಡವಟ್ಟು.

ಇನ್ನು ದೊಡ್ಡ ಪಾಲಿನ ಕಾರಣ, ವಿಮಾನ ಇಳಿಯುತ್ತಿರುವ ರೀತಿಯೇ ಸರಿಯಿಲ್ಲದಿರುವುದು. ಹೆಚ್ಚು ಎತ್ತರ, ಹೆಚ್ಚು ವೇಗ, ಇಲ್ಲವೇ ಎರಡೂ. ಪೈಲಟ್‌ಗಳ ಭಾಷೆಯಲ್ಲಿ ‘ಅನ್‌ಸ್ಟೇಬಲ್ ಅಪ್ರೋಚ್’. ಆಗುಂಬೆ ಘಾಟಿಯಲ್ಲಿ ಬೇಗ ಕೆಳಗೆ ತಲುಪಬೇಕೆಂದು ಡ್ರೈವರ್ ಬಸ್ಸನ್ನು ಇಳಿಜಾರಿಗೆ ಬಿಟ್ಟರೆ ವೇಗ ಏರುತ್ತದೆ, ವೇಗ ಇಳಿಸಬೇಕೆಂದರೆ ನಿಧಾನ ಇಳಿಯಬೇಕು. ಜೆಟ್ ವಿಮಾನದ ಪಾಡೂ ಅದೇ, ಅದಕ್ಕೆ ಬಸ್ಸಿನಂಥ ಬ್ರೇಕ್ ಕೂಡ ಗಾಳಿಯಲ್ಲಿಲ್ಲ. ಎತ್ತರ ಬೇಗ ಕಳೆಯಲು ಹೋದರೆ ವೇಗ ಬರುತ್ತದೆ, ವೇಗ ಕಳೆಯಲು ಹೋದರೆ ಎತ್ತರ ಉಳಿಯುತ್ತದೆ. ಹಾಗಾಗಿ ಏರ್‌ಲೈನ್‌ಗಳು ಒಂದು ಗೇಟು ಇಟ್ಟಿವೆ. ಮೋಡದೊಳಗೆ ಇಳಿಯುತ್ತಿದ್ದರೆ ನೆಲದಿಂದ 1,000 ಅಡಿ, ತಿಳಿ ಆಕಾಶವಿದ್ದರೆ 500 ಅಡಿ. ಆ ಎತ್ತರಕ್ಕೆ ಬರುವಷ್ಟರಲ್ಲಿ ಗಾಲಿ, ಫ್ಲ್ಯಾಪ್ ಎಲ್ಲ ಹೊರಬಂದು, ವೇಗ ಗೊತ್ತುಪಡಿಸಿದ ಮಿತಿಯೊಳಗಿದ್ದು, ನಿಮಿಷಕ್ಕೆ ಸಾವಿರ ಅಡಿಗಿಂತ ನಿಧಾನವಾಗಿ ಇಳಿಯುತ್ತ, ಎಂಜಿನ್ ಒಂದಿಷ್ಟು ಬಲದಲ್ಲಿ ಓಡುತ್ತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಇಳಿಯುವ ಆಲೋಚನೆ ಬಿಡಬೇಕು.

ಎಂಜಿನ್ ಬಲದ ಮಾತು ಯಾಕೆ ಬಂತು ಎನ್ನುವುದಕ್ಕೆ ಬೆಂಗಳೂರೇ ಸಾಕ್ಷಿ. 1990ರ ಫೆಬ್ರುವರಿ 14ರಂದು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಆಗಿನ ಹೊಚ್ಚಹೊಸ ಎ320 ವಿಮಾನ ಹೆಚ್‌ಎಎಲ್ ರನ್‌ವೇ ತಲುಪುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. 146 ಜನರಲ್ಲಿ 92 ಮಂದಿ ಸತ್ತರು. ಆಟೊಮೇಷನ್ ತಪ್ಪು ವಿಧಾನದಲ್ಲಿದ್ದುದರಿಂದ ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಕನಿಷ್ಠ ಬಲದಲ್ಲೇ ಉಳಿದು, ವಿಮಾನ ವೇಗವನ್ನೂ ಎತ್ತರವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿತ್ತು. ಪೈಲಟ್‌ಗಳು ಅದನ್ನು ಅರಿತು ಪೂರ್ಣ ಬಲ ಕೊಟ್ಟರು. ಎಂಜಿನ್‌ಗಳು ಸ್ಪಂದಿಸಿದವು ಕೂಡ. ಆದರೆ ಜೆಟ್ ಎಂಜಿನ್ ಐಡಲ್‌ನಿಂದ ಪೂರ್ಣ ಬಲಕ್ಕೆ ಏರಲು ಕೆಲವು ಸೆಕೆಂಡು ಬೇಕು. ವಿಮಾನದ ವಿನ್ಯಾಸ ನಿಯಮಗಳೇ ಅದಕ್ಕೆ ಎಂಟು ಸೆಕೆಂಡಿನವರೆಗೆ ಅವಕಾಶ ಕೊಡುತ್ತವೆ. ಅಂದು ಅಷ್ಟು ಸೆಕೆಂಡುಗಳು ಅವರ ಬಳಿ ಇರಲಿಲ್ಲ. ಕೊನೆಯ ಕೆಲವು ನೂರು ಅಡಿಗಳಲ್ಲಿ ಎಂಜಿನ್ ಮೊದಲೇ ಗುನುಗುತ್ತಿರಬೇಕು ಎಂಬ ನಿಯಮದ ಬೆಲೆ ಅದು. ಮೇಲೇರಬೇಕಾಗಿ ಬಂದರೆ ತಕ್ಷಣ ಮೇಲೇರಲು.

ಈಗ ಇಡೀ ವಿಷಯದ ತಿರುಳಿಗೆ ಬರೋಣ. ಅಮೆರಿಕದ ಫ್ಲೈಟ್ ಸೇಫ್ಟಿ ಫೌಂಡೇಶನ್ ಗೇಟಿನ ಷರತ್ತು ತಪ್ಪಿದಾಗ ಪೈಲಟ್‌ಗಳು ಏನು ಮಾಡುತ್ತಾರೆ ಎಂಬ ಪ್ರಶ್ನೆಯ ಬೆನ್ನನ್ನು ವರ್ಷಗಟ್ಟಲೆ ಹತ್ತಿತು. ಅದರ ಅಧ್ಯಯನದ ಪ್ರಕಾರ ವಿಮಾನಗಳು ಇಳಿಯಲು ಬರುವ ಪ್ರತಿ ನೂರು ಸಲದಲ್ಲಿ ಮೂರೂವರೆ, ನಾಲ್ಕು ಸಲ ಆ ಗೇಟಿನ ಷರತ್ತು ತಪ್ಪಿರುತ್ತದೆ. ಹಾಗೆ ತಪ್ಪಿದಾಗ ನಿಯಮದಂತೆ ಮೇಲೇರುವವರು ಶೇಕಡ 3 ಮಾತ್ರ. ಉಳಿದ ಶೇಕಡ 97 ಇಳಿದುಬಿಡುತ್ತಾರೆ. ಅಂದರೆ ಸಾವಿರ ಇಳಿತಗಳಲ್ಲಿ ಸುಮಾರು 35 ಕೆಟ್ಟವು; ಆ 35ರಲ್ಲಿ ಕೈಬಿಡುವುದು ಒಂದು. ಮಿಕ್ಕ 34 ವಿಮಾನಗಳ ಪ್ರಯಾಣಿಕರು ಗಾಲಿ ತಾಕಿದ ಸದ್ದು ಕೇಳಿದೊಡನೆ ಸೀಟ್‌ಬೆಲ್ಟ್ ಬಿಚ್ಚಿ, ಮೇಲಿನ ಚೀಲಕ್ಕೆ ಕೈಹಾಕಿ, ಮನೆಗೆ ಫೋನ್ ಮಾಡಿರುತ್ತಾರೆ. ಅವರಲ್ಲಿ ಯಾರೂ ಸುದ್ದಿಯಾಗುವುದಿಲ್ಲ.

ಹದಿನಾರು ವರ್ಷಗಳ ರನ್‌ವೇ ಜಾರಾಟದ ಅಪಘಾತಗಳನ್ನು ತೆಗೆದು ನೋಡಿದಾಗ ಅದೇ ಸಂಸ್ಥೆಗೆ ಕಂಡದ್ದು: ಅವುಗಳಲ್ಲಿ ಶೇಕಡ 83ರಷ್ಟನ್ನು ಒಂದು ಗೋ-ಅರೌಂಡ್ ತಪ್ಪಿಸಬಹುದಿತ್ತು. ಹಾಗಾದರೆ ನಾವು ಕೇಳುತ್ತಿರುವ ಪ್ರಶ್ನೆಯೇ ತಲೆಕೆಳಗಾಗಿದೆ. ಗೋ-ಅರೌಂಡ್ ಎಷ್ಟು ಸಲ ಆಗುತ್ತಿದೆ ಎನ್ನುವುದಕ್ಕಿಂತ, ಆಗಬೇಕಾದಾಗ ಎಷ್ಟು ಸಲ ಆಗುತ್ತಿಲ್ಲ ಎನ್ನುವುದನ್ನು ಕೇಳಬೇಕು.

ಮಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. 2010ರ ಮೇ 22ರ ಬೆಳಗ್ಗೆ ಆರು ಗಂಟೆಯ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಬಜಪೆಯ ಗುಡ್ಡದ ತುದಿಯಿಂದ ಕೆಂಜಾರಿನ ಕಣಿವೆಗೆ ಬಿದ್ದು ಉರಿದುಹೋಯಿತು. 166 ಜನರಲ್ಲಿ ಬದುಕಿದವರು ಎಂಟು. ಏರ್ ಮಾರ್ಷಲ್ ಭೂಷಣ್ ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿ ಓದಿದವರಿಗೆ ಎದೆ ಹಿಂಡುವುದು ಸಾವಿನ ಸಂಖ್ಯೆಗಿಂತ ಅದರ ಹಿಂದಿನ ನಿಮಿಷಗಳು. ಕಾಕ್‌ಪಿಟ್ ಧ್ವನಿಮುದ್ರಣದ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ಇಳಿಕೆಗೆ ಅನುಮತಿ ಸಿಕ್ಕಿದ್ದು ತಡವಾಗಿ. ಹೀಗೆ ವಿಮಾನ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು; ಇಳಿಸುವ ಅವಸರದಲ್ಲಿ ವೇಗವೂ ಹೆಚ್ಚಿತು. ರನ್‌ವೇಯ ಹೊಸ್ತಿಲನ್ನು 50 ಅಡಿ ಎತ್ತರದಲ್ಲಿ 144 ನಾಟ್ ವೇಗದಲ್ಲಿ ದಾಟಬೇಕಿದ್ದ ವಿಮಾನ ಸುಮಾರು 200 ಅಡಿಯಲ್ಲಿ 160 ನಾಟ್‌ಗೂ ಹೆಚ್ಚಿನ ವೇಗದಲ್ಲಿ ದಾಟಿತು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ ಮೂರು ಸಲ ಗೋ-ಅರೌಂಡ್ ಎಂದರು. ನೆಲ ಸಮೀಪಿಸುತ್ತಿದೆ ಎಂದು ಹೇಳುವ ಯಂತ್ರವೂ ಮತ್ತೆ ಮತ್ತೆ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿದರು.

ರನ್‌ವೇಯ ಉದ್ದ 8,033 ಅಡಿ. ಗಾಲಿ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಇಷ್ಟಾದರೂ, ಆ ಕ್ಷಣದಿಂದ ಪೂರ್ತಿ ಬ್ರೇಕ್ ಹಾಕಿ ಎಂಜಿನ್‌ಗಳ ಹಿಮ್ಮುಖ ಬಲ ಬಳಸಿದ್ದರೆ ರನ್‌ವೇಯ ಉದ್ದದೊಳಗೇ ನಿಲ್ಲಿಸಬಹುದಿತ್ತು ಎಂದು ತನಿಖೆಯ ಲೆಕ್ಕಾಚಾರ ತೋರಿಸಿತು. ಹಿಮ್ಮುಖ ಬಲ ತೆರೆದ ಮೇಲೆ ಮತ್ತೆ ಮೇಲೇರಲು ಹೋಗಬಾರದು ಎನ್ನುವುದು ವಿಮಾನ ತಯಾರಕರ ಕಟ್ಟುನಿಟ್ಟಿನ ಸೂಚನೆ. ಮೂರು ಸಲ ಬೇಡವೆಂದಿದ್ದ ಗೋ-ಅರೌಂಡನ್ನು ಕ್ಯಾಪ್ಟನ್ ಕೈಗೆತ್ತಿಕೊಂಡದ್ದು ಹಿಮ್ಮುಖ ಬಲ ತೆರೆದ ಮೇಲೆ, ಅದು ನಿಷಿದ್ಧವಾದಾಗ. ರೆಕ್ಕೆ ರನ್‌ವೇಯ ಆಚೆಗಿದ್ದ, ವಿಮಾನಗಳಿಗೆ ದಿಕ್ಕು ತೋರುವ ಲೋಕಲೈಸರ್ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು.

ಬಜಪೆಯ ರನ್‌ವೇ ಹಿಂದೆಯೂ ಎಚ್ಚರಿಕೆ ಕೊಟ್ಟಿತ್ತು. 1981ರ ಆಗಸ್ಟ್ 19ರಂದು, ಹಳೆಯ ಗಿಡ್ಡ ರನ್‌ವೇಯ ಕಾಲದಲ್ಲಿ, ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಮಳೆಯಲ್ಲಿ ತುದಿ ದಾಟಿ ನಿಂತಿತ್ತು. ಆಗ ರಾಜ್ಯದ ಸಚಿವರಾಗಿದ್ದ ವೀರಪ್ಪ ಮೊಯಿಲಿ ಅದರಲ್ಲಿದ್ದರು. ಯಾರ ಜೀವವೂ ಹೋಗಲಿಲ್ಲ, ವಿಮಾನ ಮಾತ್ರ ಮತ್ತೆ ಹಾರಲಿಲ್ಲ.

ಮಂಗಳೂರಾದ ಹತ್ತು ವರ್ಷಕ್ಕೆ ಕೋಯಿಕ್ಕೋಡ್. 2020ರ ಆಗಸ್ಟ್ 7, ಕೋವಿಡ್ ಕಾಲದಲ್ಲಿ ವಿದೇಶದಿಂದ ಜನರನ್ನು ಕರೆತರುತ್ತಿದ್ದ ವಂದೇ ಭಾರತ್ ವಿಮಾನ, ಅದೇ ಏರ್‌ಲೈನ್, ಅದೇ ದುಬೈ, ಅದೇ ಮಾದರಿಯ ಬೋಯಿಂಗ್, ಬಜಪೆಯಂತೆ ಗುಡ್ಡದ ನೆತ್ತಿಯ ಇನ್ನೊಂದು ಟೇಬಲ್‌ಟಾಪ್ ರನ್‌ವೇ. ಈ ಪ್ರಕರಣ ಮಂಗಳೂರಿಗಿಂತ ಹೆಚ್ಚು ಕಾಡಬೇಕು, ಏಕೆಂದರೆ ಇಲ್ಲಿ ಕ್ಯಾಪ್ಟನ್ ಕೆಲವೇ ನಿಮಿಷಗಳ ಮೊದಲು ಗೋ-ಅರೌಂಡ್ ಮಾಡಿದ್ದರು. ಸುರಿಮಳೆ, ವೈಪರ್ ಕೈಕೊಟ್ಟಿತ್ತು, ಮೊದಲ ಪ್ರಯತ್ನ ಕೈಬಿಟ್ಟು ನಿಯಮದಂತೆ ಮೇಲೇರಿದರು. ಎರಡನೆಯದು ರನ್‌ವೇಯ ಇನ್ನೊಂದು ತುದಿಯಿಂದ, ಹಿಂದಿನಿಂದ ಬೀಸುವ ಗಾಳಿಯಲ್ಲಿ. 8,858 ಅಡಿಯ ರನ್‌ವೇಯಲ್ಲಿ ನೆಲ ಮುಟ್ಟಿದ್ದು 4,438 ಅಡಿಯ ಹತ್ತಿರ, ಅರ್ಧ ಮುಗಿದ ಮೇಲೆ. ಈ ಸಲವೂ ಪಕ್ಕದಲ್ಲಿದ್ದವರು ಗೋ-ಅರೌಂಡ್ ಎಂದರು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಸತ್ತರು. ತನಿಖಾ ವರದಿ ಒಂದು ಪುಟ್ಟ ವಿವರವನ್ನು ಎತ್ತಿ ತೋರಿಸಿತು: ಮರುದಿನ ಬೆಳಗ್ಗೆ ಕೋಯಿಕ್ಕೋಡಿನಿಂದಲೇ ಹೊರಡುವ ವಿಮಾನಕ್ಕೆ ಆ ಕ್ಯಾಪ್ಟನ್ನರ ಹೆಸರಿತ್ತು, ಅಲ್ಲಿ ಕ್ಯಾಪ್ಟನ್‌ಗಳ ಕೊರತೆ ಇತ್ತು. ಬೇರೆ ಊರಿಗೆ ಹೋಗಿ ಇಳಿದಿದ್ದರೆ ಆ ವೇಳಾಪಟ್ಟಿ ಕೆಡುತ್ತಿತ್ತು.

ಒಬ್ಬ ನುರಿತ ಪೈಲಟ್ ಮೇಲೇರಲು ಯಾಕೆ ಹಿಂಜರಿಯುತ್ತಾರೆ? ಇಂಧನವೆಂಬುದು ನಮಗೆ ಮೊದಲು ಹೊಳೆಯುವ ಉತ್ತರ. ಒಂದು ಸುತ್ತಿಗೆ ನೂರಾರು ಕಿಲೊ ಇಂಧನ, ಹತ್ತಿಪ್ಪತ್ತು ನಿಮಿಷ ಹೋಗುತ್ತದೆ, ನಿಜ. ಆದರೆ ಆ ಇಂಧನವನ್ನು ಹೊರಡುವಾಗಲೇ ಲೆಕ್ಕ ಹಾಕಿ ತುಂಬಿರುತ್ತಾರೆ: ಗಮ್ಯದಲ್ಲಿ ಒಮ್ಮೆ ಇಳಿಯಲಾಗದೆ ಮೇಲೇರಿ, ಪರ್ಯಾಯ ನಿಲ್ದಾಣಕ್ಕೆ ಹೋಗಿ, ಅಲ್ಲಿಯೂ ಅರ್ಧ ಗಂಟೆ ಸುತ್ತುವಷ್ಟು. ನಿಜವಾದ ಉತ್ತರ ಮನಸ್ಸಿನಲ್ಲಿದೆ. ಗಮ್ಯ ಕಣ್ಣೆದುರಿಗಿದೆ, ದಣಿವಾಗಿದೆ, ಇನ್ನೊಂದೇ ನಿಮಿಷ. ಹಿಂದೆ ಹೀಗೆ ಸ್ವಲ್ಪ ಹೆಚ್ಚು ವೇಗದಲ್ಲಿ ಬಂದಾಗ ಏನೂ ಆಗಿರಲಿಲ್ಲ. ಈ ಕೊನೆಯದೇ ಅತಿ ಅಪಾಯದ ಮಾತು: ಆ 34 ಮಂದಿಯೂ ಕ್ಷೇಮವಾಗಿ ಇಳಿಯುತ್ತಾರೆ, ಪ್ರತಿಯೊಂದು ಕ್ಷೇಮದ ಇಳಿತವೂ ನಿಯಮ ಬರೀ ಅತಿಜಾಗ್ರತೆಯದು ಎಂಬುದಕ್ಕೆ ಪುರಾವೆಯಾಗಿ ತಲೆಯಲ್ಲಿ ಕೂರುತ್ತದೆ.

ಇನ್ನೊಂದು ಹಿರಿತನ ಕಿರಿತನದ ಸಂಗತಿ. ಎಡಗಡೆಯ ಸೀಟಿನವರು ಹಿರಿಯರು, ಬಲಗಡೆಯವರು ಕಿರಿಯರು, ಕಿರಿಯರ ಬಡ್ತಿಗೆ ಹಿರಿಯರ ಮಾತೂ ತೂಗುತ್ತದೆ. ಈಗ ಬಹುತೇಕ ಏರ್‌ಲೈನ್‌ಗಳ ಕೈಪಿಡಿಗಳಲ್ಲಿ, ಇಬ್ಬರಲ್ಲಿ ಯಾರೇ ಗೋ-ಅರೌಂಡ್ ಎಂದರೂ ಇನ್ನೊಬ್ಬರು ವಾದಿಸದೆ ಮೇಲೇರಬೇಕು, ಮಾಡಿದ್ದಕ್ಕೆ ಯಾರನ್ನೂ ದಂಡಿಸಬಾರದು ಎಂದಿದೆ. ಮಾತು ಕೇಳದಿದ್ದರೆ ನಿಯಂತ್ರಣವನ್ನೇ ಕೈಗೆ ತೆಗೆದುಕೊಳ್ಳಬೇಕು ಎಂದೂ ಇದೆ. ಕೋಯಿಕ್ಕೋಡ್ ವರದಿ, ಫಸ್ಟ್ ಆಫೀಸರ್ ಹಾಗೆ ಮಾಡಲಿಲ್ಲ ಎಂದು ಬರೆಯಿತು. ಬರೆಯುವುದು ಸುಲಭ. ‘ಸರ್’ ಎಂದೇ ಬಾಯಿ ತೆರೆಯುವ ನಮ್ಮ ಕಚೇರಿಗಳಲ್ಲಿ ಮೇಲಧಿಕಾರಿಯ ಕೈಯಿಂದ ಪೆನ್ನು ಕಸಿಯುವುದನ್ನೇ ಕಲ್ಪಿಸಿಕೊಳ್ಳಲಾಗದು. ನೆಲದಿಂದ 30 ಅಡಿ ಎತ್ತರದಲ್ಲಿ, ಮಳೆಯಲ್ಲಿ, ವಿಮಾನ ಕಸಿಯಬೇಕು.

ಇಷ್ಟು ಹೇಳಿದ ಮೇಲೆ, ಗೋ-ಅರೌಂಡ್ ಎಂದರೆ ಗುಂಡಿಯೊತ್ತಿ ನಿರಾಳವಾಗುವ ಕೆಲಸ ಎಂದುಕೊಂಡರೆ ಅದೂ ತಪ್ಪೇ. ಪ್ರತಿ ಹತ್ತು ಗೋ-ಅರೌಂಡ್‌ಗಳಲ್ಲಿ ಒಂದು ಅಪಾಯದ ಅಂಚಿಗೆ ಹೋಗುತ್ತದೆ ಎಂದು ಅದೇ ಫೌಂಡೇಶನ್ ಕಂಡುಕೊಂಡಿದೆ. ಕಾಕ್‌ಪಿಟ್‌ನಲ್ಲಿ ಆ ಹದಿನೈದಿಪ್ಪತ್ತು ಸೆಕೆಂಡುಗಳಲ್ಲಿ ಆಗಬೇಕಾದ್ದು ಬಹಳ: ಪೂರ್ಣ ಬಲ, ಮೂತಿ ಹದಿನೈದು ಡಿಗ್ರಿಯಷ್ಟು ಮೇಲೆ, ಫ್ಲ್ಯಾಪ್ ಒಂದು ಹಂತ ಒಳಕ್ಕೆ, ಎತ್ತರ ಏರುತ್ತಿದೆ ಎಂದು ಖಾತ್ರಿಯಾದ ಮೇಲೆ ಗಾಲಿ ಒಳಕ್ಕೆ, ನಕ್ಷೆಯಲ್ಲಿ ಹೇಳಿದ ದಿಕ್ಕು, ಹೇಳಿದ ಎತ್ತರ, ಆಮೇಲೆ ಟವರ್‌ಗೆ ಮಾತು. ಪ್ರಯಾಣದ ಕೊನೆಯಲ್ಲಿ ಇಂಧನ ಕರಗಿ ವಿಮಾನ ಹಗುರವಾಗಿರುತ್ತದೆ. ಪೂರ್ಣ ಬಲಕ್ಕೆ ಅದು ಚಿಮ್ಮುತ್ತದೆ. ನಿಲ್ಲಬೇಕಾದ ಎರಡು ಮೂರು ಸಾವಿರ ಅಡಿ ಎತ್ತರ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಬಂದೇ ಬಿಡುತ್ತದೆ.

ಅದಕ್ಕಿಂತ ವಂಚಕವಾದದ್ದು ನಮ್ಮ ಒಳಗಿವಿ. ತಲೆ ಹಿಂದಕ್ಕೆ ವಾಲಿದೆಯೋ, ದೇಹ ಮುಂದಕ್ಕೆ ವೇಗ ಪಡೆಯುತ್ತಿದೆಯೋ ಎಂಬ ವ್ಯತ್ಯಾಸ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿಳಿಯುವುದಿಲ್ಲ. ಕಣ್ಣು ಹೊರಗಿನ ನೆಲವನ್ನು ಕಂಡರೆ ಅದನ್ನು ತಿದ್ದುತ್ತದೆ. ರಾತ್ರಿ, ಸಮುದ್ರದ ಮೇಲೆ, ಮೋಡದೊಳಗೆ ತಿದ್ದುವವರಿಲ್ಲ. ಹಠಾತ್ತನೆ ವೇಗ ಏರಿದಾಗ ಪೈಲಟ್‌ಗೆ ಮೂತಿ ತೀರಾ ಮೇಲೇರಿತು, ವಿಮಾನ ಹಿಮ್ಮುಖ ಬೀಳುತ್ತದೆ ಎನ್ನಿಸಿ, ಕೈ ತಾನಾಗಿ ಮೂತಿಯನ್ನು ಕೆಳಕ್ಕೆ ದಬ್ಬುತ್ತದೆ. 2000ದ ಆಗಸ್ಟ್ 23ರಂದು ಬಹರೇನ್‌ನಲ್ಲಿ ಗಲ್ಫ್ ಏರ್‌ನ ಎ320 ಗೋ-ಅರೌಂಡ್ ಮಾಡಿ ಕತ್ತಲ ಸಮುದ್ರಕ್ಕೆ ಬಿದ್ದು 143 ಮಂದಿ ಸತ್ತದ್ದರಲ್ಲಿ ಈ ಭ್ರಮೆಯ ಪಾಲಿತ್ತು. 2016ರ ಮಾರ್ಚ್ 19ರಂದು ರಷ್ಯಾದ ರೋಸ್ತೊವ್‌ನಲ್ಲಿ ಫ್ಲೈದುಬೈ ವಿಮಾನ ಎರಡನೇ ಗೋ-ಅರೌಂಡ್‌ನಲ್ಲಿ ನೆಲಕ್ಕೆ ಅಪ್ಪಳಿಸಿ 62 ಮಂದಿ ಸತ್ತದ್ದರಲ್ಲೂ. ಫ್ರಾನ್ಸ್‌ನ ಅಪಘಾತ ತನಿಖಾ ಸಂಸ್ಥೆ ಬಿಇಎ 2013ರಲ್ಲಿ ಇಂಥವನ್ನು ಒಟ್ಟಿಗೆ ಅಧ್ಯಯನ ಮಾಡಿ, ಗೋ-ಅರೌಂಡ್‌ಗೆ ಯಾವಾಗಲೂ ಪೂರ್ಣ ಬಲ ಬೇಕಿಲ್ಲ ಎಂದಿತು. ಕಡಿಮೆ ಬಲದ ‘ಸಾಫ್ಟ್’ ಗೋ-ಅರೌಂಡ್ ವ್ಯವಸ್ಥೆ ಈಗ ಏರ್‌ಬಸ್‌ನ ಹೊಸ ವಿಮಾನಗಳಲ್ಲಿ ಬರುತ್ತಿದೆ.

ಗುಂಡಿಯೊತ್ತಿದ ಮಾತ್ರಕ್ಕೆ ಮುಗಿಯಲಿಲ್ಲ ಎನ್ನುವುದಕ್ಕೆ ಇನ್ನೊಂದು ಉದಾಹರಣೆ 2016ರ ಆಗಸ್ಟ್ 3ರದ್ದು. ತಿರುವನಂತಪುರದಿಂದ ದುಬೈಗೆ ಹೋದ ಎಮಿರೇಟ್ಸ್‌ನ ಬೋಯಿಂಗ್ 777ರ ಗಾಲಿಗಳು ರನ್‌ವೇ ಮುಟ್ಟಿದ ಮೇಲೆ ಪೈಲಟ್‌ಗಳು ಮೇಲೇರಲು ನಿರ್ಧರಿಸಿದರು. ಗಾಲಿ ನೆಲ ಮುಟ್ಟಿದರೆ ಗೋ-ಅರೌಂಡ್ ಗುಂಡಿ ಕೆಲಸ ಮಾಡದಂತೆ ಆ ವಿಮಾನದ ವಿನ್ಯಾಸವಿದೆ. ಥ್ರಾಟಲ್ ಸನ್ನೆಯನ್ನು ಕೈಯಿಂದಲೇ ದೂಡಬೇಕು. ಗುಂಡಿಯೊತ್ತಿ, ಮೂತಿಯೆತ್ತಿ, ಗಾಲಿ ಮಡಚಿದರು. ಎಂಜಿನ್ ಐಡಲ್‌ನಲ್ಲೇ ಇತ್ತು. ವಿಮಾನ ಹೊಟ್ಟೆಯ ಮೇಲೆ ಬಿದ್ದು ಜಾರಿ ಉರಿಯಿತು. ಒಳಗಿದ್ದ 300 ಮಂದಿಯೂ ಹೊರಬಂದರು, ಬೆಂಕಿ ನಂದಿಸಲು ಹೋದ ಸಿಬ್ಬಂದಿಯೊಬ್ಬರು ಸತ್ತರು. ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳು ಗೋ-ಅರೌಂಡ್ ಅಭ್ಯಾಸ ಮಾಡುವುದೇನೋ ನಿಜ. ಅದು ಬಹುಮಟ್ಟಿಗೆ ನಿಗದಿತ ಎತ್ತರದಲ್ಲಿ, ಮೊದಲೇ ಗೊತ್ತಿರುವಾಗ, ಎಷ್ಟೋ ಸಲ ಒಂದು ಎಂಜಿನ್ ಕೆಟ್ಟಿದೆ ಎಂಬ ಕಲ್ಪನೆಯಲ್ಲಿ. ನಿಜಜೀವನದಲ್ಲಿ ಅದು ಬರುವುದು ಎರಡೂ ಎಂಜಿನ್ ಚೆನ್ನಾಗಿರುವಾಗ, ಊಹಿಸದ ಎತ್ತರದಲ್ಲಿ, ಮನಸ್ಸು ಆಗಲೇ ಪಾರ್ಕಿಂಗ್ ಬೇ ಹುಡುಕುತ್ತಿರುವಾಗ.

ಇಂಧನದ ಮಾತು ಬಿಟ್ಟುಹೋಗಬಾರದು, ಏಕೆಂದರೆ ಗೋ-ಅರೌಂಡಿಗೂ ಒಂದು ಮಿತಿಯಿದೆ. 2015ರ ಆಗಸ್ಟ್ 18ರಂದು ದೋಹಾದಿಂದ ಕೊಚ್ಚಿಗೆ ಬಂದ ಜೆಟ್ ಏರ್‌ವೇಸ್ ವಿಮಾನ ಕೊಚ್ಚಿಯಲ್ಲಿ ಮೂರು ಸಲ, ಆಮೇಲೆ ತಿರುವನಂತಪುರದಲ್ಲಿ ಮೂರು ಸಲ ಇಳಿಯಲಾಗದೆ ಮೇಲೇರಿತು. ಏಳನೆಯ ಪ್ರಯತ್ನದಲ್ಲಿ ಇಳಿದಾಗ ಕೊನೆಗೆಂದು ಮುಟ್ಟದೆ ಇಡಬೇಕಾದ ಮೀಸಲು ಇಂಧನವೂ ಬಹುಪಾಲು ಖರ್ಚಾಗಿತ್ತು. ಅಲ್ಲಿ ತಪ್ಪಿದ್ದು ಮೇಲೇರಿದ್ದರಲ್ಲಿ ಅಲ್ಲ, ಕೊಚ್ಚಿಯನ್ನು ಬೇಗ ಬಿಡದಿದ್ದರಲ್ಲಿ. ಒಂದೆರಡು ಸಲ ಆಗದಿದ್ದರೆ ಹವೆ ಚೆನ್ನಾಗಿರುವ ಬೇರೆ ಊರು ನೋಡಿಕೊಳ್ಳಬೇಕು.

ನಾವು ಪ್ರಯಾಣಿಕರು ಇದನ್ನೆಲ್ಲ ಅನುಭವಿಸುವುದು ಬೇರೆ ರೀತಿ. ಕಿಟಕಿಯಲ್ಲಿ ರನ್‌ವೇಯ ಅಂಚು ಕಾಣುತ್ತಿರುವಾಗ ಎಂಜಿನ್ ಗರ್ಜಿಸುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ, ಕೆಳಗಿನಿಂದ ಗಾಲಿ ಮಡಚುವ ಗಡಗಡ. ಆಮೇಲೆ ಐದಾರು ನಿಮಿಷ ಯಾರೂ ಮಾತಾಡುವುದಿಲ್ಲ. ಆ ಮೌನವೇ ಹೆಚ್ಚು ಹೆದರಿಸುತ್ತದೆ. ಕಾರಣ ಸರಳ: ಪೈಲಟ್‌ಗಳಿಗೆ ಆಗ ಮೊದಲು ವಿಮಾನ, ಆಮೇಲೆ ದಾರಿ, ಆಮೇಲೆ ಟವರ್, ನಮ್ಮ ಸರದಿ ಬರುವುದು ಕೊನೆಗೆ. 2022ರ ಫೆಬ್ರುವರಿ 18ರಂದು ಯೂನಿಸ್ ಬಿರುಗಾಳಿಯ ದಿನ ಲಂಡನ್‌ನ ಹೀಥ್ರೊ ಪಕ್ಕ ವ್ಯಾನಿನ ಮೇಲೆ ಕ್ಯಾಮೆರಾ ಇಟ್ಟು ಜೆರ್ರಿ ಡೈಯರ್ ಎಂಬಾತ ನೇರಪ್ರಸಾರ ಮಾಡಿದಾಗ ಲಕ್ಷಾಂತರ ಜನ ಕ್ರಿಕೆಟ್ ನೋಡುವವರಂತೆ ಕೂತು ನೋಡಿದರು. ಒದ್ದಾಡಿ ಇಳಿದವರಿಗೆ ಚಪ್ಪಾಳೆ, ಮೇಲೇರಿದವರಿಗೆ ‘ಅಯ್ಯೋ’. ಚಪ್ಪಾಳೆ ಹಂಚುವುದು ನನ್ನ ಕೈಲಿದ್ದರೆ ಅದಲುಬದಲು ಮಾಡುತ್ತಿದ್ದೆ.

ಮಾಡದೆ ಬಿಟ್ಟ ಗೋ-ಅರೌಂಡ್‌ಗಳು ಕ್ಯಾಮೆರಾಕ್ಕೆ ಸಿಗುವುದು ಅಪರೂಪ. 2024ರ ಜೂನ್ 8ರಂದು ಮುಂಬೈಯಲ್ಲಿ ಒಂದು ಸಿಕ್ಕಿತು: ಏರ್ ಇಂಡಿಯಾ ವಿಮಾನ ರನ್‌ವೇ ಬಿಟ್ಟು ಮೇಲೇಳುತ್ತಿರುವಾಗಲೇ ಇಂದೋರ್‌ನಿಂದ ಬಂದ ಇಂಡಿಗೊ ವಿಮಾನ ಅದರ ಹಿಂದೆಯೇ ಅದೇ ರನ್‌ವೇಗೆ ಇಳಿಯಿತು. ಮಿಕ್ಕವು ಇರುವುದು ವಿಮಾನದ ದತ್ತಾಂಶ ಮುದ್ರಕಗಳಲ್ಲಿ. ಪ್ರತಿ ಹಾರಾಟದ ವೇಗ, ಎತ್ತರ, ಇಳಿಕೆಯ ದರ, ಎಂಜಿನ್ ಬಲ ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಏರ್‌ಲೈನ್‌ಗಳ ಸುರಕ್ಷತಾ ವಿಭಾಗಗಳು ಅದನ್ನು ಇಳಿಸಿಕೊಂಡು, ಆ ಗೇಟನ್ನು ಷರತ್ತು ತಪ್ಪಿ ದಾಟಿಯೂ ಇಳಿದವರನ್ನು ಹೆಕ್ಕುತ್ತವೆ. ಹಿಂದೆ ಮೇಲೇರಿದವರು ಕಾರಣ ಬರೆದುಕೊಡಬೇಕಿತ್ತು. ಈಗ ಒಳ್ಳೆಯ ಏರ್‌ಲೈನ್‌ಗಳಲ್ಲಿ, ಏರಬೇಕಿದ್ದಾಗ ಏರದೆ ಇಳಿದವರಿಗೆ ಫೋನ್ ಬರುತ್ತದೆ.